ಕೂಗಿದರೆ ಓ ಅನ್ನಬೇಕು

ಕಳೆದ ಡಿಸೆಂಬರಿನಲ್ಲಿ ಮಾವಿನಹಾಡ್ಲು ಕ್ರಾಸಿನಲ್ಲಿ ಬಸ್ಸಿನಿಂದ ಇಳಿದಾಗ ಮೊದಲು ಮೂಗಿಗೆ ಬಡಿದದ್ದು ಕಾಫಿ ಹಣ್ಣು ಸುಲಿಯುವ ಪಲ್ಪರ್ ಮನೆಯ ವಾಸನೆ. ಕಾಫಿ ಅಂದರೆ ಪೇಟೆಯವರಿಗೆ ಹುರಿದ ಪುಡಿಯ ಘಮ. ಹಣ್ಣು ಸುಲಿದ ಸಿಪ್ಪೆ ಮೂರು ದಿನ ರಾಶಿಬಿದ್ದು ಕೊಳೆತರೆ ಎಂಥ ವಾಸನೆ ಬರುತ್ತದೆಂದು ಅವರಿಗೆ ಗೊತ್ತಿಲ್ಲ. ಹಳಸಿದ ಮಜ್ಜಿಗೆಯ ಹಾಗೆ ಹುಳಿಹುಳಿ ನಾತ. ನನಗದು ಇಷ್ಟ ಅಂದರೆ ಸುಳ್ಳಾದೀತು. ಆದರೆ ಆ ನಾತ ಬಂದ ಕೂಡಲೇ ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲೊಂದು ಅಡ್ಡ ಗೆರೆ ಇದೆ, ಸರ ಹಾಕಿದರೆ ಮುಚ್ಚಿಹೋಗುವಷ್ಟು.

ನಾನು ಹೋದದ್ದು ಗಿರಿಜಕ್ಕನಿಗಾಗಿ. ಅಲ್ಲಿನ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಅವರಿಗೆ ಅರವತ್ತು ತುಂಬಿ ಕೆಲಸ ಬಿಡುವ ದಿನ. "ನೀವು ಬರದಿದ್ರೆ ನಾ ಹಾರ ಹಾಕಿಸ್ಕಳಲ್ಲ ಟೀಚ್ರೇ" ಅಂತ ಫೋನಿನಲ್ಲಿ ಹೇಳಿದ್ದರು. ನಾನು ಆ ಶಾಲೆ ಬಿಟ್ಟು ನಾಲ್ಕು ವರ್ಷವಾಗಿದೆ, ಈಗ ಸಂಸೆಯ ಕಡೆ ಇದ್ದೇನೆ. ಕ್ರಾಸಿನಿಂದ ಶಾಲೆಗೆ ಅರ್ಧ ಗಂಟೆಯ ಏರುದಾರಿ. ಅದನ್ನು ಹತ್ತುತ್ತಾ ಹತ್ತುತ್ತಾ ಏಳು ವರ್ಷದ ಹಿಂದಿನ ಆ ಒಂದು ಕೊಯ್ಲಿನ ಕಾಲ ಪೂರ್ತಿ ನನ್ನ ಜೊತೆ ನಡೆಯಿತು.

ಆ ವರ್ಷ ದಸರಾ ರಜೆಯಲ್ಲಿ ನನಗೆ ಥೈರಾಯ್ಡ್ ಆಪರೇಷನ್ ಆಗಿತ್ತು. ಗಂಟು ಕೆಟ್ಟದ್ದಲ್ಲ ಅಂತ ವರದಿ ಬಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಎಚ್ಚರವಾದ ಮೇಲೆ ನಾನು 'ನೀರು' ಅಂದೆ. ಪಕ್ಕದಲ್ಲೇ ಕೂತಿದ್ದ ಮಗಳಿಗೆ ಕೇಳಿಸಲಿಲ್ಲ. ಗಾಳಿ ಬಂತು, ಸ್ವರ ಬರಲಿಲ್ಲ. ಧ್ವನಿಯ ನರ ಸೋತಿದೆ, ಇಂಥ ಆಪರೇಷನ್ನಿನಲ್ಲಿ ಒಮ್ಮೊಮ್ಮೆ ಹೀಗಾಗುತ್ತದೆ, ಆರು ತಿಂಗಳು ನೋಡೋಣ, ಬರಬಹುದು, ಬಾರದೆಯೂ ಇರಬಹುದು ಅಂತ ಡಾಕ್ಟರು ಹೇಳಿದರು. ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು, ಮಗಳು ಹಾಸನದ ಹಾಸ್ಟೆಲಿನಲ್ಲಿದ್ದಳು. ಮನೆಯಲ್ಲಿ ಕೂತು ಆರು ತಿಂಗಳು ನೋಡುವ ಸ್ಥಿತಿ ನನ್ನದಲ್ಲ. ನವೆಂಬರಿನಲ್ಲಿ ಕೊರಳಿಗೆ ಮಫ್ಲರ್ ಸುತ್ತಿಕೊಂಡು ಶಾಲೆಗೆ ವಾಪಸಾದೆ.

ನನ್ನ ಗಂಟಲು ಆ ಊರಿನಲ್ಲಿ ಹೆಸರುವಾಸಿ. "ನಮ್ಮ ಟೀಚ್ರು ಮಗ್ಗಿ ಹೇಳ್ಕೊಟ್ರೆ ಘಟ್ಟದ ಕೆಳಗಿನ ಮಕ್ಳೂ ಪಾಸಾಗ್ತವೆ" ಅಂತ ಗಿರಿಜಕ್ಕನ ಗಂಡ ಸೋಮಯ್ಯ ಮೇಸ್ತ್ರಿ ತಮಾಷೆ ಮಾಡುತ್ತಿದ್ದರು. ಒಂದರಿಂದ ಐದರವರೆಗೆ ಹತ್ತೊಂಬತ್ತು ಮಕ್ಕಳು, ಎರಡು ಕೋಣೆ, ನಾನೊಬ್ಬಳೇ ಟೀಚರ್. ಗಂಟಲಿಲ್ಲದೆ ಹೇಗೆ ನಡೆಯುತ್ತದೆ? ನಡೆಯಿತು. ಬೋರ್ಡಿನಲ್ಲಿ ಬರೆದೆ, ಚಪ್ಪಾಳೆ ತಟ್ಟಿದೆ, ಹತ್ತಿರ ಕರೆದು ಕಿವಿಯಲ್ಲಿ ಹೇಳಿದೆ. ಒಂದು ವಾರದೊಳಗೆ ವಿಚಿತ್ರವೊಂದು ಶುರುವಾಯಿತು. ನಾನು ಪಿಸುಗುಟ್ಟಿದ್ದಕ್ಕೆ ಮಕ್ಕಳೂ ಪಿಸುಗುಟ್ಟಿಯೇ ಉತ್ತರ ಕೊಡತೊಡಗಿದವು. ಆಮೇಲೆ ತಮ್ಮತಮ್ಮಲ್ಲೂ ಹಾಗೇ. ಜಗಳ ಕೂಡ ಪಿಸುಮಾತಿನಲ್ಲಿ. ಹತ್ತೊಂಬತ್ತು ಮಕ್ಕಳಿದ್ದ ಶಾಲೆಯಲ್ಲಿ ಒಲೆಯ ಮೇಲೆ ಬೇಳೆ ಕುದಿಯುವುದು ಕೇಳಿಸುತ್ತಿತ್ತು.

ಅಂಥ ಒಂದು ದಿನ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, "ಏನಮ್ಮಾ, ಮಕ್ಕಳಿಗೆಲ್ಲ ಜ್ವರವಾ?" ಅಂದರು. ಗಿರಿಜಕ್ಕನ ಮೊಮ್ಮಗಳು ದಿವ್ಯ ಮೂರನೇ ಕ್ಲಾಸು. ಅವಳನ್ನು ಎಬ್ಬಿಸಿ ಏಳರ ಮಗ್ಗಿ ಕೇಳಿದರು. ಅವಳು ಒಂದೂ ತಪ್ಪಿಲ್ಲದೆ ಹೇಳಿದಳು, ಆದರೆ ಸಾಹೇಬರು ಬಗ್ಗಿ ಕಿವಿ ಕೊಡಬೇಕಾಯಿತು. ಅವರು ಕೆಟ್ಟವರಲ್ಲ. ನನ್ನನ್ನು ಹೊರಗೆ ಕರೆದು ಮೆತ್ತಗೆ ಹೇಳಿದರು. "ನಿಮಗೆ ಆಫೀಸಿನಲ್ಲಿ ಕೂತು ಬರೆಯೋ ಕೆಲಸ ಹಾಕಿಸ್ತೀನಿ. ಇಲ್ಲಿಗೆ ಬೇರೆ ಟೀಚರ್ ಸಿಗೋದು ಕಷ್ಟ, ಈ ಮಕ್ಕಳನ್ನ ದೊಡ್ಡ ಊರಿನ ಶಾಲೆಗೆ ಸೇರಿಸಿಬಿಡೋಣ. ಏಪ್ರಿಲ್‌ವರೆಗೆ ನೋಡ್ತೀನಿ. ಅಷ್ಟರೊಳಗೆ ನಿಮ್ಮ ಸ್ವರ ಬರಬೇಕು, ಇಲ್ಲಾಂದ್ರೆ ಸ್ವರ ಇಲ್ಲದೆಯೂ ಶಾಲೆ ಸರಿಯಾಗಿ ನಡೀತದೆ ಅಂತ ನಂಗೆ ಕಾಣಬೇಕು."

ದೊಡ್ಡ ಊರಿನ ಶಾಲೆ ಆರು ಕಿಲೋಮೀಟರ್ ದೂರ, ನಡುವೆ ಆನೆ ಓಡಾಡುವ ಕಾಡು. ಊರಿನ ಏಳು ಮಕ್ಕಳು ಬೈಕಿನಲ್ಲೋ ಜೀಪಿನಲ್ಲೋ ಹೋದಾರು. ಎಸ್ಟೇಟಿನ ಕೂಲಿಯವರಿರುವ ಲೈನು ಮನೆಗಳ ಹನ್ನೆರಡು ಮಕ್ಕಳು ಎಲ್ಲಿಗೂ ಹೋಗುವುದಿಲ್ಲ, ಅವ್ವನ ಹಿಂದೆ ಹಣ್ಣು ಕೊಯ್ಯಲು ಹೋಗುತ್ತವೆ. ಇದು ನನಗೂ ಗೊತ್ತಿತ್ತು, ಸಾಹೇಬರಿಗೂ ಗೊತ್ತಿತ್ತು.

ಇಲ್ಲಿ ಆ ದಾರಿಯ ಬಗ್ಗೆ ಹೇಳಬೇಕು. ಗುಡ್ಡದ ಬುಡದಲ್ಲಿ ಎಸ್ಟೇಟಿನ ಲೈನು. ಅಲ್ಲಿಂದ ಕಾಫಿಯ ನಡುವೆ ಏರುವ ಮಣ್ಣುದಾರಿ. ಅರ್ಧ ದಾರಿಯ ತಿರುವಿನಲ್ಲಿ ನಾನು ಬಾಡಿಗೆಗಿದ್ದ ಮನೆ. ಅದರ ಮೇಲೆ ಶಾಲೆ, ಶಾಲೆಯಾಚೆ ಊರು. ಊರು ಅಂದರೆ ಮೂರೆಕರೆ ಐದೆಕರೆಯ ಬೆಳೆಗಾರರ ಒಂಬತ್ತು ಮನೆ. ಫೋನಿಗೆ ಸಿಗ್ನಲ್ ಇಲ್ಲ. ಆನೆ ಬಂದಿದೆ ಅಂತ ಅರಣ್ಯ ಇಲಾಖೆಯವರು ಕಳಿಸುವ ಮೆಸೇಜು ನಮಗೆ ತಲುಪುವ ಹೊತ್ತಿಗೆ ಆನೆ ಮೂರು ತೋಟ ದಾಟಿರುತ್ತಿತ್ತು. ನಮಗಿದ್ದದ್ದು ಕೂ ಹಾಕುವುದೊಂದೇ. ಬೆಳಿಗ್ಗೆ ತೋಟದ ದಾರಿಗೆ ಕಾಲಿಡುವವರು ಬಾಯಿಗೆ ಕೈ ಅಡ್ಡ ಹಿಡಿದು ಒಂದು ಸಲ 'ಕೂ' ಅನ್ನುತ್ತಾರೆ, ನಾನು ಹೊರಟೆ ಅಂತ ಅರ್ಥ. ಮುಂದಿನ ಮನೆಯವರು 'ಓ' ಅನ್ನಬೇಕು. ಮೂರು ಸಲ ಕೂ ಅಂದರೆ ಇದ್ದಲ್ಲೇ ನಿಲ್ಲಿ, ಮುಂದೆ ಬರಬೇಡಿ. ಕೂಗಿಗೆ ಓ ಬರದಿದ್ದರೆ ಆ ಮನೆಯಲ್ಲಿ ಏನೋ ಆಗಿದೆಯೆಂದು ತಿಳಿದು ಕೂಗಿದವನು ಹೋಗಿ ನೋಡಲೇಬೇಕು. ಗಡಿಜಗಳಕ್ಕೆ ಕೋರ್ಟು ಹತ್ತಿದವರೂ ಒಬ್ಬರಿಗೊಬ್ಬರು ಓ ಅನ್ನುತ್ತಿದ್ದರು.

ಗುಡ್ಡದ ಹೆಗಲು ಅಡ್ಡ ಇರುವುದರಿಂದ ಲೈನಿನ ಕೂಗು ಊರಿಗೆ ಮುಟ್ಟುವುದಿಲ್ಲ. ತಿರುವಿನ ಮನೆಯಿಂದ ನಾನು ಕೆಳಗಿನವರಿಗೆ ಓ ಅಂದು, ಮೇಲಿನವರಿಗೆ ಕೂ ಹಾಕಬೇಕು. ಒಂಬತ್ತು ವರ್ಷ ನನ್ನ ಗಂಟಲು ಆ ಕೆಲಸ ಮಾಡಿತ್ತು. ನವೆಂಬರಿನಲ್ಲಿ ನಾನು ಮೂಕಿಯಾಗಿ ಬಂದ ಮೇಲೆ ಎಲ್ಲ ಮನೆಗೂ ಸುದ್ದಿ ಹೋಯಿತು. ಟೀಚರ್ ಮನೆಯಿಂದ ಓ ಬರುವುದಿಲ್ಲ, ಕಾಯಬೇಡಿ, ಹುಡುಕಬೇಡಿ.

ಸೋಮಯ್ಯ ಮೇಸ್ತ್ರಿ ಆಗ ಊರಲ್ಲಿರಲಿಲ್ಲ. ಅವರ ಅಣ್ಣನಿಗೆ ಹುಷಾರಿಲ್ಲದೆ ಎರಡು ತಿಂಗಳು ಬೇಲೂರಿನ ಕಡೆ ಇದ್ದರು. ಡಿಸೆಂಬರಿನ ಒಂದು ಸಂಜೆ ಬಂದರು. ಮಾರನೆಯ ಬೆಳಿಗ್ಗೆ ಕಣದಲ್ಲಿ ಹರವಿದ ಕಾಫಿ ನೋಡಲು ಒಬ್ಬರೇ ಹೊರಟರು. ನಾನು ಒಳಗೆ ಚಾ ಕಾಸುತ್ತಿದ್ದೆ. ಎರಡು ತಿಂಗಳಿಂದ ಕೇಳದ ಆ ಕೂ ಕೇಳಿ ಖುಷಿಯಾಯಿತು. ಅಭ್ಯಾಸಬಲ, ಬಾಯಿ ತೆರೆದೆ. ಗಾಳಿ ಬಂತು. ಜಗುಲಿಗೆ ಓಡಿ ಕೈ ಬೀಸಿದೆ. ಹಾಲಿನಂಥ ಮಂಜು, ಅಂಗಳದ ಬೇಲಿಯೇ ಕಾಣುತ್ತಿರಲಿಲ್ಲ. ಇನ್ನೊಂದು ಕೂ ಬಂತು. ಗೊತ್ತಲ್ಲ, ಮುಂದೆ ಹೋಗುತ್ತಾರೆ ಅಂದುಕೊಂಡೆ. ಅವರಿಗೆ ಗೊತ್ತಿರಲಿಲ್ಲ. ನನಗೆ ಏನೋ ಆಗಿದೆಯೆಂದು ಸುತ್ತುದಾರಿ ಬಿಟ್ಟು ಕಾಫಿಯ ನಡುವಿನ ಒಳದಾರಿಯಲ್ಲಿ ನೇರ ನನ್ನ ಮನೆಗೆ ಹತ್ತಿದರು. ತೋಟದ ಸಿಲ್ವರ್ ಓಕ್ ಮರಗಳ ಹಿಂದೆ ಒಂಟಿ ಆನೆ ನಿಂತಿತ್ತು.

ಗಿಡ ಮುರಿಯುವ ಸದ್ದು ಕೇಳಿತು, ಆಮೇಲೆ ಅವರ ಕೂಗು. ಅವರು ಉಳಿದದ್ದು ನೀರಿಂಗಲೆಂದು ಗಿಡಗಳ ಸಾಲಿನಲ್ಲಿ ತೋಡಿದ್ದ ಗುಂಡಿಯೊಳಗೆ ಬಿದ್ದದ್ದರಿಂದ. ಬಲಗಾಲು ಎರಡು ಕಡೆ ಮುರಿದಿತ್ತು. ಆನೆ ಸರಿದ ಮೇಲೆ ನಾನು ಲೈನಿಗೆ ಓಡಿದೆ. ಕೂಗಿದ್ದರೆ ಎರಡು ನಿಮಿಷದಲ್ಲಿ ಜನ ಸೇರುತ್ತಿತ್ತು. ಓಡಲು ಹತ್ತು ನಿಮಿಷ ಹಿಡಿಯಿತು. ಗಿರಿಜಕ್ಕ ನಲ್ಲಿಯ ಹತ್ತಿರ ಕೊಡ ತೊಳೆಯುತ್ತಿದ್ದರು. "ಎಂಥದು ಟೀಚ್ರೇ? ಶಾಲೇಲಿ ಎಂಥಾರು ಆಯ್ತಾ?" ಅಂದರು. ಬಾಯಿ ಬಿಟ್ಟು ಬಿಟ್ಟು ಮುಚ್ಚಿದೆ. ಕೊನೆಗೆ ಅವರ ಕೈ ಹಿಡಿದು ಎಳೆದೆ. ಕೊಡ ಉರುಳಿಕೊಂಡು ಹೋದದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

ಅದಕ್ಕೆ ಒಂದು ತಿಂಗಳ ಹಿಂದೆ ಪಕ್ಕದೂರಿನಲ್ಲಿ ಆನೆ ತುಳಿದು ಒಬ್ಬರು ಸತ್ತಿದ್ದರು. ಆ ಸಿಟ್ಟು ಒಳಗೇ ಕುದಿಯುತ್ತಿತ್ತು, ಈಗ ಉಕ್ಕಿತು. ಕ್ರಾಸಿನಲ್ಲಿ ಎರಡು ದಿನ ರಸ್ತೆ ತಡೆ. ಮೊದಲ ದಿನ ಲೈನಿನವರು, ಊರಿನವರು ಒಂದೇ ಚಾಪೆಯ ಮೇಲೆ ಕೂತಿದ್ದರು, ಊರಿನ ಲೋಕಪ್ಪ ಗೌಡರ ಮನೆಯಿಂದ ಬಂದ ಉಪ್ಪಿಟ್ಟನ್ನು ಎಲ್ಲರೂ ತಿಂದರು. ಎರಡನೆಯ ದಿನ ಯಾರೋ ಟೈರಿಗೆ ಬೆಂಕಿ ಹಚ್ಚಿದರು, ಯಾರೋ ಇಲಾಖೆಯ ಜೀಪಿಗೆ ಕಲ್ಲು ಹೊಡೆದರು. ಪೊಲೀಸರು ಐದು ಜನರನ್ನು ಕರೆದೊಯ್ದರು, ಊರಿನವರು ಇಬ್ಬರು, ಲೈನಿನವರು ಮೂವರು. ಊರಿನವರು ಸಂಜೆಗೆ ಮನೆಗೆ ಬಂದರು. ಲೈನಿನವರು ಬಂದದ್ದು ಒಂಬತ್ತು ದಿನದ ಮೇಲೆ.

ಅಲ್ಲಿಗೆ ಒಡೆಯಿತು. ಪೊಲೀಸರಿಗೆ ಹೆಸರು ಕೊಟ್ಟವರು ಯಾರು ಅನ್ನುವುದೊಂದೇ ಮಾತು. ಲೈನಿನವರ ಅನುಮಾನ ಲೋಕಪ್ಪ ಗೌಡರ ಮೇಲೆ. ಮೂರೆಕರೆಯ ಬೆಳೆಗಾರರು, ನಮ್ಮ ಶಾಲಾ ಸಮಿತಿಯ ಅಧ್ಯಕ್ಷರು. ಅವರು ಹೆಸರು ಕೊಟ್ಟರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಲೈನಿನ ಹೆಂಗಸರು ಗೌಡರ ತೋಟದ ಕೊಯ್ಲಿಗೆ ಹೋಗುವುದು ಬಿಟ್ಟರು, ಹಣ್ಣು ಗಿಡದಲ್ಲೇ ಕಪ್ಪಾಗಿ ಉದುರಿತು. ಗೌಡರು ತಿರುವಿನಿಂದ ಶಾಲೆಗೆ ತಮ್ಮ ತೋಟದ ಅಂಚಿನಲ್ಲಿ ಹೋಗುತ್ತಿದ್ದ ಅಡ್ಡದಾರಿಗೆ ಮುಳ್ಳುತಂತಿ ಎಳೆದರು. ಕೂಗಿಗೆ ಓ ಅನ್ನುವುದೂ ನಿಂತಿತು. ಲೈನಿನವರು ತಿರುವಿನವರೆಗೆ ಹತ್ತಿ ಬಂದು ಕೂ ಹಾಕುತ್ತಿದ್ದರು, ಮೇಲಿನ ಮನೆಗಳು ಕೇಳಿಸದಂತೆ ಇರುತ್ತಿದ್ದವು. ನಾಲ್ಕು ದಿನವಾದ ಮೇಲೆ ಕೂ ಕೂಡ ಬರಲಿಲ್ಲ. ಲೈನಿನ ಮಕ್ಕಳು ಶಾಲೆ ಬಿಟ್ಟವು. ಹತ್ತೊಂಬತ್ತಿದ್ದ ಹಾಜರಿ ಏಳಕ್ಕೆ ಇಳಿಯಿತು.

ಗಿರಿಜಕ್ಕ ಮಾತ್ರ ಬರುತ್ತಿದ್ದರು. ಏಳು ಮಕ್ಕಳಿಗೆ ಅನ್ನ ಮಾಡಿ, ಪಾತ್ರೆ ತೊಳೆದು, ಹೋಗುತ್ತಿದ್ದರು. ದಿವ್ಯಳನ್ನು ಕರೆತರುತ್ತಿರಲಿಲ್ಲ. ನನ್ನ ಹತ್ತಿರ ಒಂದು ಮಾತಿಲ್ಲ, ಮುಖ ಕೂಡ ನೋಡುತ್ತಿರಲಿಲ್ಲ. ನಾನು ಚೀಟಿಯಲ್ಲಿ 'ಕ್ಷಮಿಸಿ' ಅಂತ ಬರೆದು ಅಕ್ಕಿ ಡಬ್ಬಿಯ ಮೇಲೆ ಇಟ್ಟೆ. ಅದು ಮೂರು ದಿನ ಅಲ್ಲೇ ಇತ್ತು. ನಾಲ್ಕನೆಯ ದಿನ ನಾನೇ ತೆಗೆದು ಒಲೆಗೆ ಹಾಕಿದೆ. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸುತ್ತಿತ್ತು. ಆ ದಿನಗಳಲ್ಲಿ ಸಾಹೇಬರ ಆಫೀಸಿಗೆ ಒಂದು ಅರ್ಜಿಯನ್ನೂ ಬರೆದಿಟ್ಟಿದ್ದೆ. ಸ್ವರ ಬಂದಿಲ್ಲ, ಮಕ್ಕಳೂ ಬರುತ್ತಿಲ್ಲ, ನೀವು ಹೇಳಿದ ಕೆಲಸ ಕೊಡಿಸಿ ಅಂತ. ಅಂಚೆಗೆ ಹಾಕುವುದೊಂದು ಬಾಕಿ ಇತ್ತು.

ಸಂಕ್ರಾಂತಿಯ ಮಾರನೆಯ ದಿನ ಧೈರ್ಯ ಮಾಡಿ ಸೋಮಯ್ಯನವರನ್ನು ನೋಡಲು ಹೋದೆ. ಕಾಲಿಗೆ ಕಬ್ಬಿಣದ ಸರಳು ಹಾಕಿ ಮಂಚದ ಮೇಲೆ ಒರಗಿಸಿದ್ದರು. ಗಿರಿಜಕ್ಕ ನನ್ನನ್ನು ಕಂಡದ್ದೇ ಎದ್ದು ಹೋಗಿ ಒಲೆಯ ಕಡೆ ಮುಖ ಮಾಡಿ ಕೂತರು. ಕೊನೆಯವರೆಗೂ ತಿರುಗಲಿಲ್ಲ. ನಾನು ಕಿತ್ತಳೆಹಣ್ಣು ಇಟ್ಟು ಅಳತೊಡಗಿದೆ. ಅಳುವುದಕ್ಕೂ ಸದ್ದಿರಲಿಲ್ಲ.

ಸೋಮಯ್ಯ ಒಂದು ಕಿತ್ತಳೆಯನ್ನು ಕೈಗೆತ್ತಿಕೊಂಡರು. "ಅಳ್ಬೇಡಿ ಮಾರಾಯ್ರೇ. ನೀವು ಸತ್ತೇ ಹೋಗಿದ್ದೀರಿ ಅಂತ ಹತ್ತಿ ಬಂದಿದ್ದು ನಾನು. ನೋಡಿದ್ರೆ ಕಲ್ಲುಗುಂಡಿನ ಹಾಗಿದ್ದೀರಿ" ಅಂದರು. ನಾನು ನಗಲೂ ಆಗದೆ ಕಣ್ಣೊರೆಸಿಕೊಂಡೆ. ಆಮೇಲೆ ಅವರು ದನಿ ಬದಲಿಸಿದರು. ಕೂಲಿಗಳಿಗೆ ಕೆಲಸ ಹೇಳುವಾಗಿನ ಮೇಸ್ತ್ರಿ ದನಿ ಅದು. "ಆದ್ರೆ ಒಂದು ಹೇಳ್ತೀನಿ. ಕೂಗಿದ್ರೆ ಓ ಅನ್ಬೇಕು ಟೀಚ್ರೇ. ಬಾಯಲ್ಲಿ ಆಗಲ್ವಾ, ಎಂಥಾದ್ರೂ ಬಡೀರಿ. ತಟ್ಟೆ ಇಲ್ವಾ ನಿಮ್ಮ ಶಾಲೇಲಿ? ಮಂಗ ಓಡ್ಸಕ್ಕೆ ಬಡಿಯಲ್ವಾ? ಹಾಂಗೆ."

ಇಷ್ಟು ಸುಲಭದ ಮಾತು ಎರಡು ತಿಂಗಳಿಂದ ನನಗೂ ಹೊಳೆದಿರಲಿಲ್ಲ, ಊರಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕೂಗು ಅಂದರೆ ಗಂಟಲಿನದು ಅಂತ ನಾವೆಲ್ಲ ನಂಬಿಕೊಂಡಿದ್ದೆವು. ನನಗೆ ನನ್ನ ಮೇಲೇ ವಿಪರೀತ ಸಿಟ್ಟು ಬಂತು. ಅರ್ಜಿಯನ್ನು ಹರಿಯಲಿಲ್ಲ, ಪುಸ್ತಕದೊಳಗೆ ಇಟ್ಟೆ.

ಮರುದಿನದಿಂದ ಶಾಲೆಯ ಒಂದು ಸ್ಟೀಲ್ ತಟ್ಟೆ, ಒಂದು ಸೌಟು ನನ್ನ ಜೊತೆ ಇರತೊಡಗಿದವು. ಬೆಳಿಗ್ಗೆ ಎಂಟಕ್ಕೆ ನಾನೇ ಲೈನಿಗೆ ಇಳಿಯುತ್ತಿದ್ದೆ. ಬಾಗಿಲು ಬಾಗಿಲಿಗೆ ನಿಂತು ಒಂದು ಸಲ ಬಡಿಯುವುದು. ಮಾತಾಡಲಾಗದ್ದು ಅಲ್ಲಿ ಉಪಕಾರವೇ ಆಯಿತು. ಯಾಕೆ ಕಳಿಸಬೇಕು, ಹೆಸರು ಕೊಟ್ಟವರು ಯಾರು, ಗೌಡರ ಮಗಳ ಪಕ್ಕ ನಮ್ಮ ಮಗು ಯಾಕೆ ಕೂರಬೇಕು ಅಂತ ಅವರು ಕೇಳುತ್ತಿದ್ದರು. ನಾನು ಉತ್ತರ ಕೊಡುವಂತಿಲ್ಲ. ಕೇಳಿ ಕೇಳಿ ಸಾಕಾಗಿ, "ಹೋಗ್ಲಿ, ಕರ್ಕೊಂಡು ಹೋಗಿ" ಅಂತ ಚೀಲ ಕೊಟ್ಟು ಕಳಿಸುತ್ತಿದ್ದರು. ಮೊದಲ ದಿನ ಎರಡು ಮಕ್ಕಳು, ಆ ವಾರದ ಕೊನೆಗೆ ಐದು. ಗಿರಿಜಕ್ಕನ ಬಾಗಿಲಲ್ಲೂ ದಿನಾ ಬಡಿಯುತ್ತಿದ್ದೆ. ಅದು ತೆರೆಯಲಿಲ್ಲ.

ತಿರುವಿನಲ್ಲಿ ನಿಂತು ಮೇಲಿನವರಿಗೆ ಬಡಿಯುತ್ತಿದ್ದೆ. ಉತ್ತರವಿಲ್ಲ. ಹತ್ತು ದಿನ ಹೀಗೆ ನಡೆದ ಮೇಲೆ ಗೌಡರ ಮನೆಗೇ ಹೋದೆ. ಅವರು ಜಗುಲಿಯಲ್ಲಿ ಮೆಣಸು ಆರಿಸುತ್ತಿದ್ದರು. ನಾನು ಏನೂ ಕೇಳುವ ಮೊದಲೇ, "ತಂತಿ ತೆಗಿಯಲ್ಲ. ನನ್ ಕೊಯ್ಲು ನೆಲದ ಪಾಲಾಗಿದೆ. ಅದ್ಕೆ ಯಾರು ಬಂದು ತಟ್ಟೆ ಬಡುದ್ರು?" ಅಂದರು. ನಾನು ಸ್ಲೇಟಿನಲ್ಲಿ ಬರೆದು ಮುಂದೆ ಹಿಡಿದೆ. ಕನ್ನಡಕ ಒಳಗಿತ್ತು. ಸ್ಲೇಟನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಕೊನೆಗೆ ಮಗಳು ಸಿಂಚನಳನ್ನು ಕರೆದರು. ನಾಲ್ಕನೇ ಕ್ಲಾಸಿನ ಆ ಹುಡುಗಿ ಶಾಲೆಯ ಅಭ್ಯಾಸದಂತೆ ಪಿಸುಗುಟ್ಟುತ್ತಾ ಓದಿದಳು.

"ಗಟ್ಟಿಯಾಗಿ ಓದೇ ಮಾರಾಯ್ತಿ" ಅಂದರು ಗೌಡರು.

ಅವಳು ಗಟ್ಟಿಯಾಗಿ ಓದಿದಳು. "ತಂತಿ ಇರಲಿ. ಬಡಿದರೆ ಓ ಅನ್ನಿ, ಸಾಕು."

ಗೌಡರು ಮೆಣಸಿನ ಮೊರ ತಿರುವುತ್ತಾ ಕೂತರು. ಮಾರನೆಯ ಬೆಳಿಗ್ಗೆ ತಿರುವಿನಲ್ಲಿ ತಟ್ಟೆ ಬಡಿದೆ. ಎಂದಿನಂತೆ ಸುಮ್ಮನಿತ್ತು. ಇನ್ನೊಮ್ಮೆ ಬಡಿದೆ. ಮೇಲಿನಿಂದ "ಓ" ಅಂತ ಒರಟಾಗಿ ಬಂತು, ದನ ಗದರಿದ ಹಾಗೆ. ಮಕ್ಕಳು ನನ್ನ ಮುಖ ನೋಡಿದವು. ಸಮಿತಿಯ ಸಭೆಯಲ್ಲಿ ಗೌಡರು ಸಮಜಾಯಿಷಿ ಕೊಟ್ಟರು: "ಓ ಅನ್ನದಿದ್ರೆ ಆಯಮ್ಮ ಬಡಿಯದು ನಿಲ್ಸಲ್ಲ ಕಣ್ರಿ. ಬೆಳಿಗ್ಗೆ ಬೆಳಿಗ್ಗೆ ತಲೆನೋವು." ಕಾರಣ ಯಾವುದಾದರೇನು, ಆ ಓ ಕೇಳಿದ ದಿನ ನಾನು ಮನೆಗೆ ಬಂದು ಎರಡು ಹೊತ್ತಿನ ಅನ್ನ ಒಂದೇ ಸಲಕ್ಕೆ ಉಂಡೆ. ಮೂರು ತಿಂಗಳಾಗಿತ್ತು ಹಸಿವೆಂದರೆ ಏನೆಂದು ಮರೆತು.

ಮಾರ್ಚಿನಲ್ಲಿ ಕಾಫಿಯ ಹೂ ಅರಳಿಸುವ ಹೂಮಳೆ ಬಿತ್ತು. ಎರಡು ದಿನ ಚೆನ್ನಾಗಿ ಹೊಡೆದು ಮೂರನೆಯ ಬೆಳಿಗ್ಗೆ ದೇವರಮನೆಯ ಗುಡ್ಡದಿಂದ ಮಂಜು ಇಳಿದು ಎಲ್ಲ ಮುಚ್ಚಿಕೊಂಡಿತು. ಲೈನಿನ ಒಂಬತ್ತು ಮಕ್ಕಳನ್ನು ಕರೆದುಕೊಂಡು ಹತ್ತುತ್ತಿದ್ದೆ. ತಿರುವು ಮುಟ್ಟಿ ಒಂದು ಸಲ ಬಡಿದೆ, ಮೇಲಿನಿಂದ ಓ ಬಂತು. ಶಾಲೆಯ ದಾರಿಗೆ ಹತ್ತು ಹೆಜ್ಜೆ ಇಟ್ಟಿದ್ದೆವು. ಆಗ ಕೆಳಗಿನಿಂದ ಒಂದು ಕೂ ಕೇಳಿತು. ನಿಂತೆ. ಇನ್ನೊಂದು. ಮತ್ತೊಂದು.

ಹೆಂಗಸಿನ ಕೂಗು, ಗಿರಿಜಕ್ಕನದು. ಮೂರು ತಿಂಗಳಲ್ಲಿ ಅವರ ಬಾಯಿಂದ ನಾನು ಕೇಳಿದ ಮೊದಲ ಸದ್ದು. ಲೈನಿನ ಅಂಗಳದಿಂದ ನೋಡಿದರೆ ಶಾಲೆಯ ದಾರಿ ಎದುರಿಗೇ ಕಾಣುತ್ತದೆ. ಒಂದು ಗಳಿಗೆ ಮಂಜು ಹರಿದಾಗ ನಮಗಿಂತ ಮೇಲೆ, ದಾರಿಯ ಅಂಚಿನಲ್ಲೇ, ಮರಿ ಸಮೇತ ನಾಲ್ಕು ಆನೆ ನಿಂತದ್ದು ಅವರಿಗೆ ಕಂಡಿತ್ತು. ನಮಗೆ ಬರೀ ಬಿಳಿ. ಮಕ್ಕಳನ್ನು ಹಿಂದಕ್ಕೆ ತಳ್ಳಿ ತಿರುವಿಗೆ ಬಂದು ಮೇಲಿನವರಿಗೆ ಮೂರು ಸಲ ಬಡಿದೆ. ದಿನಾ ಒಂದು ಕೇಳುತ್ತಿದ್ದ ಗೌಡರಿಗೆ ಮೂರು ಅಂದರೆ ಏನೆಂದು ಹೇಳಿಕೊಡಬೇಕಿರಲಿಲ್ಲ. "ಓ... ಅಲ್ಲೇ ನಿಲ್ಲಿ, ಬಂದೆ" ಅಂತ ಕೂಗು ಬಂತು. ಸ್ವಲ್ಪ ಹೊತ್ತಿಗೆ ಅಡ್ಡದಾರಿಯ ತಂತಿಯ ಆಚೆ ಗೌಡರು ಇಕ್ಕಳ ಹಿಡಿದು ಕೂತಿದ್ದರು. ತಂತಿ ಟಣ್ ಟಣ್ ಅಂತ ತುಂಡಾಗಿ ಸುರುಳಿ ಸುತ್ತಿಕೊಂಡಿತು. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ರಟ್ಟೆ ಹಿಡಿದು ದಾಟಿಸಿ ತಮ್ಮ ಜಗುಲಿಯ ಮೇಲೆ ಕೂರಿಸಿದರು. ಅವರ ಅಂಗೈಯಲ್ಲಿ ಉದ್ದಕ್ಕೆ ಗೀರಿ ರಕ್ತ ಬರುತ್ತಿತ್ತು. ಯಾರ ಮಕ್ಕಳು, ಯಾವ ಕೇಸು ಅಂತ ಆಗ ಯಾರೂ ಮಾತೆತ್ತಲಿಲ್ಲ. ಎಲ್ಲರಿಗೂ ಬಿಸಿ ಬಿಸಿ ಕಾಫಿ ಬಂತು, ಒಂದನೇ ಕ್ಲಾಸಿನವರಿಗೆ ಕೂಡ.

ಜಗಳ ಅವತ್ತಿಗೇ ಮುಗಿಯಿತು ಅಂತ ಬರೆದರೆ ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಕೇಸು ಎರಡು ವರ್ಷ ಎಳೆಯಿತು, ಲೈನಿನ ಕೆಲವರು ಗೌಡರ ಮನೆಯ ನೀರು ಮುಟ್ಟಲು ಇನ್ನೂ ಎರಡು ಕೊಯ್ಲು ಕಳೆಯಬೇಕಾಯಿತು. ಆನೆಯಂತೂ ಬರುವುದು ಬಿಡಲಿಲ್ಲ. ಆದರೆ ಕತ್ತರಿಸಿದ ತಂತಿಯನ್ನು ಗೌಡರು ಮತ್ತೆ ಕಟ್ಟಲಿಲ್ಲ. ಕೂಗಿಗೆ ಓ ಬರತೊಡಗಿತು. ಆನೆ ಕಂಡ ಮಾರನೆಯ ದಿನವೇ ಗಿರಿಜಕ್ಕ ದಿವ್ಯಳ ಕೈ ಹಿಡಿದು ಶಾಲೆಗೆ ಬಂದರು. ನನ್ನನ್ನು ನೋಡದೆಯೇ, "ಇವತ್ತು ಹಾಜರಿ ಎಷ್ಟು, ಅಕ್ಕಿ ಹಾಕ್ಬೇಕು" ಅಂದರು. ನಾನು ಬೆರಳಿನಲ್ಲಿ ತೋರಿಸಿದೆ. ಅಲ್ಲಿಂದ ಮಾತು ಬಂತು, ಅಕ್ಕಿ, ಬೇಳೆ, ಸೌದೆಯ ಮಾತು. ಡಿಸೆಂಬರಿನ ಆ ಬೆಳಗಿನ ಮಾತು ಬರಲಿಲ್ಲ. ನಾನಾಗಿ ಎತ್ತಲು ಹೆದರಿಕೆಯಾಗುತ್ತಿತ್ತು.

ಏಪ್ರಿಲ್ ಮೊದಲ ವಾರ ಸಾಹೇಬರು ಬಂದಾಗ ಹಾಜರಿ ಹದಿನೆಂಟಿತ್ತು. ಮಕ್ಕಳು ಅಷ್ಟರಲ್ಲಿ ಪಿಸುಮಾತು ಬಿಟ್ಟು ಮೊದಲಿನಂತೆ ಕಿರುಚುತ್ತಿದ್ದವು. ನಾನು ತಟ್ಟೆ ಬಡಿದೆ, ಕೂತವು. ಎರಡು ಸಲ ಬಡಿದೆ, ಪುಸ್ತಕ ತೆಗೆದವು. ಸಾಹೇಬರು ಸುಮಾರು ಹೊತ್ತು ನೋಡಿ, "ನಿಮ್ಮ ಸ್ವರ?" ಅಂದರು. "ಸ್ವಲ್ಪ" ಅಂದೆ. ತುಕ್ಕು ಹಿಡಿದ ಬಾಗಿಲು ತೆರೆದಂತೆ ಕರಕರ ಅಂತ ಬಂತು. ಹದಿನೈದು ದಿನದ ಹಿಂದೆ ಹಾಲಿನವನ ಹತ್ತಿರ ಚಿಲ್ಲರೆ ಕೇಳುವಾಗ ಅದು ತಾನಾಗಿ ಶುರುವಾಗಿತ್ತು. ಪೂರ್ತಿ ಎಂದೂ ಬರಲಿಲ್ಲ, ಈಗಲೂ ಏರುದನಿಗೆ ಹೋದರೆ ಒಡೆಯುತ್ತದೆ. ಸಾಹೇಬರು ರಿಜಿಸ್ಟರಿಗೆ ಸಹಿ ಹಾಕಿದರು. ಪುಸ್ತಕದೊಳಗಿನ ಅರ್ಜಿಯನ್ನು ಅವತ್ತು ಸಂಜೆ ಹರಿದೆ.

ಹಾರ ಹಾಕುವ ಕಾರ್ಯಕ್ರಮ ಕಳೆದ ಡಿಸೆಂಬರಿನಲ್ಲಿ ಅದೇ ಶಾಲೆಯ ಜಗುಲಿಯಲ್ಲಿ ನಡೆಯಿತು. ಲೋಕಪ್ಪ ಗೌಡರು ಶಾಲು ಹೊದಿಸಿದರು. ಸೋಮಯ್ಯ ಕುಂಟುತ್ತಾ ಬಂದು ಮುಂದಿನ ಕುರ್ಚಿಯಲ್ಲಿ ಕೂತು, "ಟೀಚ್ರು ಭಾಷಣ ಮಾಡಿದ್ರೆ ಮೈಕು ಬೇಕಾಗಿರ್ಲಿಲ್ಲ ಮುಂಚೆ" ಅಂತ ಎಲ್ಲರಿಗೂ ಕೇಳುವಂತೆ ಹೇಳಿದರು. ಊಟದ ಹೊತ್ತಿಗೆ ನಾನು ಅಡುಗೆಮನೆಗೆ ಹೋದೆ. ತನ್ನ ಬೀಳ್ಕೊಡುಗೆಯ ಪಾಯಸವನ್ನು ತಾನೇ ಮಾಡಿ, ಕೊರಳಿನ ಹಾರವನ್ನು ಮೊಳೆಗೆ ತಗುಲಿಸಿ, ಗಿರಿಜಕ್ಕ ಸೌಟು ಆಡಿಸುತ್ತಿದ್ದರು. ನನಗೆ ಒಂದು ಲೋಟ ಪಾಯಸ ಕೊಟ್ಟರು. ನಾನು ಗೋಡೆಗೊರಗಿ ಕುಡಿಯುತ್ತಿದ್ದೆ.

"ಟೀಚ್ರೇ, ಒಂದು ಹೇಳ್ಬೇಕಿತ್ತು" ಅಂದರು.

"ಹೇಳಿ ಗಿರಿಜಕ್ಕ."

"ಅವತ್ತು ಅವ್ರು ಬೇಲೂರಿಂದ ಬಂದ್ರಲ್ಲ. ಟೀಚ್ರಿಗೆ ಆಪರೇಷನ್ ಆಯ್ತು, ಆರಾಮಿದ್ದಾರೆ, ಶಾಲೆಗೆ ಬಂದಿದ್ದಾರೆ ಅಂತ ಎಲ್ಲ ಹೇಳಿದ್ದೆ. ಸ್ವರ ಹೋಗಿದೆ, ಓ ಬರಲ್ಲ, ಅನ್ನದೊಂದು ಹೇಳಕ್ಕೆ ಮರ್ತೆ. ಅವ್ರು ಬೆಳಿಗ್ಗೆ ಹೊರಟಾಗ ನಾನು ಎದುರಿಗೇ ಇದ್ದೆ. ಆಗ್ಲೂ ನೆನಪಾಗ್ಲಿಲ್ಲ." ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿ ಇಟ್ಟರು. "ನೀವು ಚೀಟಿ ಇಟ್ರಲ್ಲ ಅಕ್ಕಿ ಡಬ್ಬಿ ಮೇಲೆ. ಮನೆಗೆ ಒಯ್ದು ದಿವ್ಯನ ಹತ್ರ ಓದ್ಸಿ, ಮತ್ತೆ ಅಲ್ಲೇ ಇಟ್ಟಿದ್ದೆ. ಕ್ಷಮಿಸಿ ಅಂತ ನಾನು ಹೇಳ್ಬೇಕಾಗಿದ್ದು ನೀವು ಬರೆದಿದ್ರಿ. ಯಾವ ಬಾಯಲ್ಲಿ ಮಾತಾಡ್ಸೋದು ನಿಮ್ಮನ್ನ?"

ಹೇಳಿ ಮುಗಿಸಿದವರೇ ಬೆನ್ನು ತಿರುಗಿಸಿ ಒಲೆಯ ಕಡೆ ಮುಖ ಮಾಡಿ ಕೂತರು, ಏಳು ವರ್ಷದ ಹಿಂದೆ ಸಂಕ್ರಾಂತಿಯ ಮಾರನೆಯ ದಿನ ಕೂತಿದ್ದರಲ್ಲ, ಹಾಗೇ. ಆ ಬೆನ್ನನ್ನು ನಾನು ಸಿಟ್ಟು ಅಂತ ಓದಿಕೊಂಡಿದ್ದೆ. ನನ್ನ ತಪ್ಪನ್ನು ಅವರು ಕ್ಷಮಿಸಿಲ್ಲ ಅಂತ ನಾನು, ಅವರ ತಪ್ಪು ನನಗೆ ಗೊತ್ತಾದೀತು ಅಂತ ಅವರು, ಒಂದೇ ಅಡುಗೆಮನೆಯಲ್ಲಿ ಮೂರು ವರ್ಷ ಅಕ್ಕಿ ಬೇಳೆಯ ಮಾತಾಡಿದ್ದೆವು. ಹೇಳಬೇಕಾದದ್ದು ಬಹಳ ಇತ್ತು. ಈಗ ನನಗೆ ಸ್ವರವೂ ಇತ್ತು. ಆದರೂ ಬಾಯಿ ತೆರೆದರೆ ಅವತ್ತಿನ ಹಾಗೆ ಬರೀ ಗಾಳಿ ಬಂತು.

ಒಲೆಯ ಪಕ್ಕ ತೊಳೆದ ತಟ್ಟೆಗಳು ಬೋರಲಾಗಿದ್ದವು. ಒಂದನ್ನು ಎತ್ತಿಕೊಂಡು ಚಮಚದಿಂದ ಮೆಲ್ಲಗೆ ಒಂದು ಸಲ ಬಡಿದೆ.

ಗಿರಿಜಕ್ಕ ತಿರುಗಲಿಲ್ಲ. ಭುಜ ಅಲುಗುತ್ತಿತ್ತು. "ಓ" ಅಂದರು.

ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಲೋಟಕ್ಕೆ ಇನ್ನೊಂದು ಸೌಟು ಪಾಯಸ ಹಾಕಿದರು.